ಅಜ್ಜನ ಕಾಲದ ಗಿಟಾರ್ ಕೈಗೆ ಬಂತಾ? ಒರೆಸುವ ಮುಂಚೆ ಇದನ್ನು ಓದಿ

ಮಲೆನಾಡಿನ ಹಳೇ ಮನೆಯಲ್ಲಿ ಗಿಟಾರ್ ಸಿಗುವುದು ತೀರಾ ಅಪರೂಪವೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಜನ ಬಂದರು. ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಸಾಹೇಬರಿದ್ದರು, ಚರ್ಚ್‌ನಲ್ಲಿ ಹಾಡುವ ಮನೆತನಗಳಿದ್ದವು, ಬೊಂಬಾಯಿಗೆ ಕೆಲಸಕ್ಕೆ ಹೋಗಿ ಬಂದ ದೊಡ್ಡಪ್ಪಂದಿರಿದ್ದರು. ಆ ಗಿಟಾರ್ ಈಗ ಮನೆ ಪಾಲಾಗುವಾಗಲೋ ಅಟ್ಟ ಖಾಲಿ ಮಾಡುವಾಗಲೋ ನಿಮ್ಮ ಕೈಗೆ ಬಂದಿದೆ. ಒದ್ದೆ ಬಟ್ಟೆ ತಗೊಂಡು ಚೆನ್ನಾಗಿ ಉಜ್ಜಿಬಿಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಹಳೇ ಅಂಟಿಗೂ ಹಳೇ ಪಾಲಿಶ್‌ಗೂ ನೀರು ಆಗುವುದಿಲ್ಲ. ಒಳಗೆ ಅಂಟಿಸಿದ ಚೀಟಿಗಂತೂ ಆಗುವುದೇ ಇಲ್ಲ, ಮತ್ತು ಗಿಟಾರಿನ ವಯಸ್ಸು, ಊರು ಎರಡನ್ನೂ ಹೇಳುವುದು ಬಹಳ ಸಲ ಆ ಚೀಟಿಯೇ.

ಒಣ ಮೆತ್ತನೆ ಬಟ್ಟೆಯಲ್ಲಿ ಮೇಲಿನ ಧೂಳು ತೆಗೆದರೆ ಸಾಕು. ತಂತಿ ಬಿಗಿ ಮಾಡಿ ನುಡಿಸಿ ನೋಡುವ ಆಸೆಯನ್ನೂ ಸ್ವಲ್ಪ ತಡೆಯಿರಿ. ಉಕ್ಕಿನ ಆರೂ ತಂತಿಯನ್ನು ಪೂರ್ತಿ ಶ್ರುತಿಗೆ ತಂದರೆ ಸುಮಾರು 70 ಕೆಜಿ ಎಳೆತ ಬೀಳುತ್ತದೆ. ಎಷ್ಟೋ ಮಳೆಗಾಲ ಕಂಡು ಅಂಟು ಸಡಿಲವಾದ ಗಿಟಾರ್ ಅದನ್ನು ತಡೆಯುವುದಿಲ್ಲ, ಮೇಲಿನ ಹಲಗೆಗೆ ಅಂಟಿಸಿ ತಂತಿಗಳ ಬುಡ ಸಿಕ್ಕಿಸಿರುವ ಪಟ್ಟಿ, ಅಂದರೆ ಬ್ರಿಡ್ಜ್, ಕಿತ್ತು ಬರುತ್ತದೆ.

ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ, ನಡುವಿನ ದುಂಡನೆ ತೂತಿನಿಂದ ಫೋನ್ ಒಳಗೆ ಹಿಡಿದು, ಟಾರ್ಚ್ ಹಾಕಿ ವಿಡಿಯೋ ಮಾಡಿ. ಫೋನ್ ಹಿಡಿಯದಿದ್ದರೆ ಸಣ್ಣ ಕನ್ನಡಿ ಸಾಕು. ತೂತಿನ ನೇರಕ್ಕೆ ಕೆಳಗೆ ಚೀಟಿ ಇದೆಯಾ, ಕುತ್ತಿಗೆ ಬಂದು ಸೇರುವ ಮರದ ತುಂಡಿನ ಮೇಲೆ ಅಂಕಿ ಒತ್ತಿದ್ದಾರಾ, ಮೇಲಿನ ಹಲಗೆಯ ಒಳಮೈಯಲ್ಲಿ ಪೆನ್ಸಿಲ್ ಬರಹ ಇದೆಯಾ ನೋಡಿ. ಕುತ್ತಿಗೆಯ ತುದಿಯಲ್ಲಿ ಬಿರಡೆಗಳಿರುವ ತಲೆಯ ಹಿಂಬದಿಯನ್ನೂ ಬಿರಡೆಗಳ ಮೇಲೆ ಕೊರೆದ ಅಕ್ಷರಗಳನ್ನೂ ಫೋಟೋ ತೆಗೆಯಿರಿ.

ಚೀಟಿಯಲ್ಲಿ ಇಸವಿ ಇರುವುದು ಕಡಿಮೆ. ಆದರೆ ವಿಳಾಸವೇ ಕಾಲ ಹೇಳುತ್ತದೆ. ಆರು ಅಂಕಿಯ ಪಿನ್‌ಕೋಡ್ ನಮ್ಮ ದೇಶಕ್ಕೆ ಬಂದಿದ್ದು 1972ರ ಆಗಸ್ಟ್ 15ಕ್ಕೆ, ಹಾಗಾಗಿ ಪಿನ್ ಇದ್ದರೆ ಚೀಟಿ ಅದಕ್ಕಿಂತ ಈಚಿನದು. ಬರೀ 'ಕಲ್ಕತ್ತಾ-13' ಎನ್ನುವಂತೆ ಸಣ್ಣ ಅಂಕಿ ಇದ್ದರೆ ಅದಕ್ಕೂ ಹಿಂದಿನದಿರಬಹುದು, ಹಳೇ ಚೀಟಿಗಳನ್ನೇ ಆಮೇಲೂ ಅಂಟಿಸಿರುವ ಸಾಧ್ಯತೆಯೂ ಇದೆ. 'ಕೋಲ್ಕತಾ' ಅಂತಿದ್ದರೆ 2001ರ ನಂತರದ್ದು. ಪಶ್ಚಿಮ ಜರ್ಮನಿ ಎಂದಿದ್ದರೆ 1949ರಿಂದ 1990ರ ನಡುವೆ. ಚೆಕೊಸ್ಲೊವಾಕಿಯಾ ಎಂದಿದ್ದರೆ 1992ರ ಒಳಗೆ. ಅಂಗಡಿಯ ಬಿಲ್ ಸಿಕ್ಕಿದರಂತೂ ಅದೃಷ್ಟ: ಬೆಲೆ ಆಣೆಯಲ್ಲಿದ್ದರೆ ಹೆಚ್ಚುಕಡಿಮೆ 1957ಕ್ಕೆ ಮುಂಚಿನದು, ಏಕೆಂದರೆ ನಯಾ ಪೈಸೆ ಬಂದಿದ್ದು ಆ ವರ್ಷದ ಏಪ್ರಿಲ್‌ನಲ್ಲಿ. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗೂ ಹಿಂದಿನದು. ಆದ್ದರಿಂದ ಗಿಟಾರ್ ಸಿಕ್ಕ ಪೆಟ್ಟಿಗೆ, ಟ್ರಂಕು, ಅದರಲ್ಲಿನ ಹಳೇ ಕಾಗದ ಯಾವುದನ್ನೂ ಬಿಸಾಡಬೇಡಿ. ಮದುವೆ ಫೋಟೋದಲ್ಲಿ ಯಾರೋ ಆ ಗಿಟಾರ್ ಹಿಡಿದು ನಿಂತಿದ್ದರೆ ಅದನ್ನೂ ಇಟ್ಟುಕೊಳ್ಳಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಅಜ್ಜಿಯ ನೆನಪಿನಲ್ಲಿ ಇರುವುದು ಬೇರೆ ಎಲ್ಲೂ ಸಿಗುವುದಿಲ್ಲ.

ಈಗ ತಲೆಯ ಮೇಲಿನ ಹೆಸರು. ಇಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ ಓದಿ. 'ಗಿಬ್ಸನ್' ಅಮೆರಿಕದ್ದು, 'ಗಿವ್ಸನ್' ನಮ್ಮ ಕೋಲ್ಕತಾದ್ದು. ಜರ್ಮನಿಯ 'ಹಾಫ್ನರ್' ಬೇರೆ, ನಮ್ಮ ದೇಶದ 'ಹಾಬ್ನರ್' ಬೇರೆ. ಒಂದು ಅಕ್ಷರಕ್ಕೆ ಬೆಲೆ ಲಕ್ಷದಿಂದ ಸಾವಿರಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ನಮ್ಮ ದೇಶದಲ್ಲೇ ಮಾಡಿದ್ದು ಅನ್ನುವುದು ಮೊದಲೇ ಗೊತ್ತಿರಲಿ. ಅದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಎಷ್ಟೋ ಜನ ಕಲಿತದ್ದೇ ಅವುಗಳ ಮೇಲೆ.

ಅಮೆರಿಕದ ಮಾರ್ಟಿನ್ ಗಿಟಾರಿನ ತಲೆ ಮೇಲೆ 1833 ಅಂತ ಇರುತ್ತದೆ. ಅದು ಕಂಪನಿ ಹುಟ್ಟಿದ ವರ್ಷ, ನಿಮ್ಮ ಗಿಟಾರ್ ಹುಟ್ಟಿದ್ದಲ್ಲ. ನಿಜವಾದ ನಂಬರ್ ಒಳಗಿನ ಮರದ ತುಂಡಿನ ಮೇಲಿದೆ. 1898ರಲ್ಲಿ 8000ದಿಂದ ಶುರು ಮಾಡಿ ಒಂದೇ ಸಾಲಿನಲ್ಲಿ ಕೊಡುತ್ತಾ ಬಂದಿದ್ದಾರೆ, ಯಾವ ವರ್ಷ ಯಾವ ನಂಬರ್‌ಗೆ ಮುಗಿಯಿತು ಎನ್ನುವ ಪಟ್ಟಿ ಕಂಪನಿಯ ವೆಬ್‌ಸೈಟ್‌ನಲ್ಲೇ ಇದೆ. ಗಿಬ್ಸನ್‌ನಲ್ಲಿ ಇದು ಅಷ್ಟು ಸಲೀಸಲ್ಲ, ಹಳೇ ನಂಬರ್‌ಗಳನ್ನು ಬೇರೆ ಬೇರೆ ವರ್ಷ ಮತ್ತೆ ಮತ್ತೆ ಬಳಸಿದ್ದಾರೆ. ಆದರೆ 1977ರಿಂದ 2005ರವರೆಗೆ ಎಂಟು ಅಂಕಿಯ ಪದ್ಧತಿ ಇತ್ತು. ಮೊದಲನೆಯದು ಮತ್ತು ಐದನೆಯದು ಸೇರಿ ವರ್ಷ, ನಡುವಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅಂತ. 80123501 ಅಂತಿದ್ದರೆ 1983ರ 12ನೇ ದಿನ, ಅಂದರೆ ಜನವರಿ 12. ಯಮಹಾ ಇದ್ದರೆ ಚೀಟಿಯಲ್ಲಿ 'ನಿಪ್ಪಾನ್ ಗಕ್ಕಿ' ಎಂದಿದೆಯಾ ನೋಡಿ. ಕಂಪನಿ 1987ರವರೆಗೆ ಆ ಹೆಸರಲ್ಲಿತ್ತು. 1966ರಲ್ಲಿ ಶುರುವಾದ ಎಫ್‌ಜಿ ಸಾಲಿನ ಕೆಂಪು ಚೀಟಿಯ ಜಪಾನ್ ಗಿಟಾರ್‌ಗಳನ್ನು ಹುಡುಕಿಕೊಂಡು ಕೊಳ್ಳುವವರಿದ್ದಾರೆ.

ತಂತಿ ತೀರಾ ಮೇಲಿದೆ, ಬೆರಳಿಂದ ಒತ್ತಲು ಆಗುವುದೇ ಇಲ್ಲ ಅನಿಸಿದರೆ ಕುತ್ತಿಗೆ ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಅದು ತೊಡೆ ಮೇಲೆ ಮಲಗಿಸಿ ಉಕ್ಕಿನ ಸರಳು ಜಾರಿಸಿ ನುಡಿಸುವ ಹವಾಯನ್ ಗಿಟಾರ್ ಇರಬಹುದು. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಸಿನಿಮಾ ಹಾಡು ನುಡಿಸುವವರು ಇದನ್ನೇ ಜಾಸ್ತಿ ಹಿಡಿದರು. ಮಾಮೂಲಿ ಗಿಟಾರಿಗೇ ತಲೆಯ ಬುಡದಲ್ಲಿ ಎತ್ತರದ ಪಟ್ಟಿ ಸಿಕ್ಕಿಸಿ ಹವಾಯನ್ ಮಾಡಿಕೊಂಡದ್ದೂ ಉಂಟು. ಪೆಟ್ಟಿಗೆಯಲ್ಲಿ ಬೆರಳುದ್ದದ ನುಣುಪಾದ ಉಕ್ಕಿನ ತುಂಡು ಇದ್ದರೆ ಅದು ಇದರದ್ದೇ, ಗುಜರಿಗೆ ಹಾಕಬೇಡಿ.

ಮರದ ವಿಷಯ ಮಲೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ತೂತಿನ ಅಂಚನ್ನು ಹತ್ತಿರದಿಂದ ನೋಡಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಇಡೀ ಹಲಗೆ, ಪದರ ಪದರ ಕಂಡರೆ ಪ್ಲೈವುಡ್. ಬೆಲೆಯಲ್ಲಿ ಇದರ ವ್ಯತ್ಯಾಸ ದೊಡ್ಡದು. ಬೆನ್ನು ಕಡುಕಂದು, ನೇರಳೆ ಛಾಯೆ, ಕಪ್ಪು ಗೆರೆ ಇದ್ದರೆ ಬೀಟೆ ಇರಬಹುದು. ಹಳೇ ಮನೆಯ ಮಂಚ, ಕುರ್ಚಿ ನೋಡಿದ ಕಣ್ಣಿಗೆ ಗುರುತು ಸಿಗುತ್ತದೆ, ಇಲ್ಲದಿದ್ದರೆ ಊರಿನ ಆಚಾರಿಯೊಬ್ಬರನ್ನು ಕರೆದು ತೋರಿಸಿ. ಮಾರ್ಟಿನ್ ಕಂಪನಿ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಅಲ್ಲಿಂದ ದಿಮ್ಮಿ ಬರುವುದು ನಿಂತ ಮೇಲೆ, 1969ರ ಕೊನೆಯಲ್ಲಿ, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಬೀಟೆ ಜಾತಿಗೇ ಬಂತು. ನಾದದಲ್ಲಿ ನಮ್ಮ ಮರ ಕಡಿಮೆ ಎಂದು ನಾನು ಒಪ್ಪುವುದಿಲ್ಲ, ಆದರೆ ಸಂಗ್ರಹ ಮಾಡುವವರು ಬ್ರೆಜಿಲ್ ಮರದ್ದಕ್ಕೆ ಜಾಸ್ತಿ ಕೊಡುತ್ತಾರೆ.

ಆಚಾರಿಗೆ ತೋರಿಸಿ ಎಂದೆ, ರಿಪೇರಿಗೆ ಕೊಡಿ ಎಂದಲ್ಲ. ಬಾಗಿಲು ಮಾಡುವ ಕೈ ಎಷ್ಟೇ ಚೆನ್ನಾಗಿದ್ದರೂ ಫೆವಿಕಾಲ್ ಹಾಕಿ ಬಿರುಕು ಕೂಡಿಸಿದರೆ ಮುಂದೆ ಬಿಡಿಸುವುದು ಕಷ್ಟ. ಹಳೇ ಕಾಲದ ಸರೇಸು ಅಂಟನ್ನು ಬಿಸಿ, ತೇವ ಕೊಟ್ಟು ಬಿಡಿಸಬಹುದು, ಗಿಟಾರ್ ರಿಪೇರಿಯವರಿಗೆ ಅದೇ ಬೇಕು. ಹೊಸದಾಗಿ ಪಾಲಿಶ್ ಹೊಡೆಸಿದರಂತೂ ಒಳ್ಳೆಯ ಹಳೇ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಬೀಳುತ್ತದೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಹಿಡಿದಿದೆ. ಅದನ್ನು ಬೇರೆ ಮರದ ಸಾಮಾನಿನಿಂದ ಇವತ್ತೇ ದೂರ ಇಡಿ.

ಬೆಲೆಗೆ ಬರೋಣ. ಹಳೇ ವಾದ್ಯಗಳೂ ಮಾರಾಟವಾಗುವ ರಿವರ್ಬ್, ಈಬೇ ಜಾಲತಾಣಗಳಲ್ಲಿ ಅದೇ ಮಾಡೆಲ್ ಹುಡುಕಿ, ಆದರೆ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ. ಮಾರಾಟವಾಗಿ ಹೋದ ಬೆಲೆ ಮಾತ್ರ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ನಿಮ್ಮದಕ್ಕೆ ಹೋಲುವ ವರ್ಷ, ಹೋಲುವ ಸ್ಥಿತಿಯ ಕೆಲವನ್ನು ಬರೆದುಕೊಳ್ಳಿ, ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ. ಕುತ್ತಿಗೆ ಬಿಚ್ಚಿ ಕೂರಿಸುವ ಕೆಲಸವಿದ್ದರೆ ಅದು ದುಬಾರಿ. ಬಿರಡೆ, ಬ್ರಿಡ್ಜ್ ಎಲ್ಲ ಮೊದಲಿನದ್ದೇ ಇದ್ದರೆ ಬೆಲೆ ನಿಲ್ಲುತ್ತದೆ. ಅಂಗಡಿಯವರು ಕೊಳ್ಳುವಾಗ ತಾವು ಮಾರುವ ಬೆಲೆಯ ಅರ್ಧದ ಆಸುಪಾಸು ಹೇಳಿದರೆ ಮೋಸ ಎಂದುಕೊಳ್ಳಬೇಡಿ, ಅವರಿಗೂ ರಿಪೇರಿ, ಬಾಡಿಗೆ ಇದೆ. ಅಣ್ಣ ತಮ್ಮಂದಿರ ಪಾಲಿನ ಸಾಮಾನಾದರೆ ಈ ಲೆಕ್ಕವನ್ನು ಹಂಚುವ ಮುಂಚೆಯೇ ಎಲ್ಲರ ಎದುರು ಮಾಡಿ.

ಹೊರದೇಶಕ್ಕೆ ಮಾರುವ ಯೋಚನೆ ಇದ್ದರೆ ಕಾನೂನು ನೋಡಿಕೊಳ್ಳಿ. ಬ್ರೆಜಿಲ್ ರೋಸ್‌ವುಡ್‌ನ ವ್ಯಾಪಾರಕ್ಕೆ 1992ರಿಂದ ಅಂತರರಾಷ್ಟ್ರೀಯ ಮಟ್ಟದಲ್ಲಿ ಕಟ್ಟುನಿಟ್ಟಾದ ನಿಷೇಧವಿದೆ. ಬೀಟೆಗೂ 2017ರಲ್ಲಿ ನಿಯಮ ಬಂತು, ಆದರೆ ಮಾಡಿ ಮುಗಿದ ವಾದ್ಯಗಳಿಗೆ, ಅವು ಯಾವ ಕಾಲದ್ದೇ ಆಗಿರಲಿ, 2019ರ ನವೆಂಬರ್‌ನಿಂದ ಅದರಿಂದ ವಿನಾಯಿತಿ ಸಿಕ್ಕಿದೆ. 100 ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯನ್ನೂ ವಿಚಾರಿಸಿ.

ಹೆಸರು, ನಂಬರ್ ನೋಡಿ ಬೆಲೆ ಇದೆ ಅನಿಸಿದರೆ ಬೆಂಗಳೂರಿನಲ್ಲಿ ಗಿಟಾರ್ ಕಟ್ಟುವವರಿಗೆ ಒಮ್ಮೆ ತೋರಿಸಿ, ಮೊದಲು ಫೋಟೋ ಕಳಿಸಿ ಮಾತಾಡಿ. ಮಳೆಗಾಲ ಮುಗಿದ ಮೇಲೆ ಹೊರಡುವುದು ಒಳ್ಳೆಯದು. ಅಲ್ಲಿಯವರೆಗೆ ಹೊರಗೋಡೆಗೆ ಒರಗಿಸದೆ, ಬಚ್ಚಲೊಲೆ ಹತ್ತಿರವೂ ಇಡದೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಒಳಕೋಣೆಯಲ್ಲಿಡಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಶಿವಮೊಗ್ಗದಿಂದ ರೈಲಿನಲ್ಲಿ ಜೊತೆಗೇ ಇಟ್ಟುಕೊಂಡು ಹೋಗಿ. ಬಿಟ್ಟು ಬರುವುದಾದರೆ ನಂಬರ್, ಈಗಿರುವ ಬಿರುಕು, ಕೊಟ್ಟ ತಾರೀಖು ಬರೆಸಿ ಸಹಿ ಹಾಕಿಸಿಕೊಂಡೇ ಬನ್ನಿ.