ದಿನದ ದಾರಿಗೆ ತಕ್ಕ ಸೈಕಲ್: ದೊಡ್ಡವರು ಆಯ್ಕೆ ಮಾಡಿಕೊಳ್ಳುವ ಬಗೆ

ಅಂಗಡಿಗೆ ಹೋಗಿ ‘ದೊಡ್ಡವರಿಗೆ ಒಂದು ಒಳ್ಳೆಯ ಸೈಕಲ್ ತೋರಿಸಿ’ ಎಂದರೆ ಬಹಳ ಕಡೆ ಮೊದಲು ಹೊರಗೆಳೆದು ನಿಲ್ಲಿಸುವುದು ದಪ್ಪ ಟಯರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ, ಇಪ್ಪತ್ತೊಂದು ಗೇರಿನ ಮೌಂಟನ್ ಬೈಕನ್ನೇ. ನೋಡಲು ಗಟ್ಟಿಮುಟ್ಟಾದ ಈ ಸೈಕಲ್ಲನ್ನು ಮನೆಗೆ ತಂದವರಲ್ಲಿ ಅನೇಕರು ಡಾಂಬರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ತುಳಿಯುವಷ್ಟರಲ್ಲಿ ಏದುಸಿರು ಬಿಟ್ಟು, ‘ಇದು ನನ್ನ ಕೈಲಾಗದ ಕೆಲಸ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಕೆಲವು ತಿಂಗಳಲ್ಲಿ ಸೈಕಲ್ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿಯುತ್ತದೆ. ತುಳಿಯುವವರ ದೇಹಕ್ಕೂ ಅವರು ದಿನವೂ ಓಡಾಡುವ ದಾರಿಗೂ ಹೊಂದುವ ಸೈಕಲ್ಲನ್ನು ಆರಿಸಿದ್ದರೆ ಇವರಲ್ಲಿ ಹೆಚ್ಚಿನವರು ಇಂದಿಗೂ ಸೈಕಲ್ ಮೇಲೆಯೇ ಇರುತ್ತಿದ್ದರು ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ದಾರಿಯನ್ನು ಬರೆದಿಟ್ಟುಕೊಳ್ಳಿ

ಬೆಲೆ, ಬಣ್ಣ, ಕಂಪನಿ ಯಾವುದನ್ನೂ ನೋಡುವ ಮುನ್ನ ಒಂದು ಹಾಳೆಯ ಮೇಲೆ ಕೆಲವು ಸಂಗತಿಗಳನ್ನು ಬರೆದುಕೊಳ್ಳಬೇಕು: ವಾರದಲ್ಲಿ ಹೆಚ್ಚು ದಿನ ಹೋಗುವ ದಾರಿ ಎಷ್ಟು ದೂರದ್ದು, ಅದರಲ್ಲಿ ಏರು ಎಷ್ಟು, ಡಾಂಬರು ಎಷ್ಟು, ಕಿತ್ತುಹೋದ ರಸ್ತೆ ಎಷ್ಟು, ಜೊತೆಗೆ ಲ್ಯಾಪ್‌ಟಾಪ್, ಬುತ್ತಿ, ತರಕಾರಿ ಏನೇನನ್ನು ಒಯ್ಯಬೇಕು, ರಾತ್ರಿ ಸೈಕಲ್ಲನ್ನು ಎಲ್ಲಿ ನಿಲ್ಲಿಸಬೇಕು. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಹೊತ್ತೊಯ್ಯಬೇಕಾದವರಿಗೆ ಹದಿನೆಂಟು ಕಿಲೋ ತೂಕದ ಸೈಕಲ್ ಕೊಡುವ ಕಷ್ಟ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ವರ್ಷಕ್ಕೆ ಎರಡು ಬಾರಿ ಹೋಗುವ ಬೆಟ್ಟದ ದಾರಿಗಾಗಿ ಸೈಕಲ್ ಕೊಂಡು ಉಳಿದ ದಿನಗಳೆಲ್ಲ ಕಚೇರಿಗೆ ಅದರಲ್ಲೇ ಹೋಗುವುದು ಬಹಳ ಮಂದಿ ಮಾಡುವ ತಪ್ಪು. ಹೆಚ್ಚು ದಿನ ತುಳಿಯುವ ದಾರಿಗೆ ಸೈಕಲ್ ಕೊಳ್ಳಿ; ಅಪರೂಪದ ದಾರಿಗೆ ಬಾಡಿಗೆಗೆ ಪಡೆಯಬಹುದು, ಗೆಳೆಯರಲ್ಲಿ ಕೇಳಬಹುದು.

ಯಾವ ದಾರಿಗೆ ಯಾವ ಸೈಕಲ್

ನಗರದೊಳಗೆ ಕಚೇರಿಗೆ ಹೋಗಿಬರಲು, ಭಾನುವಾರ ಊರಾಚೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಸುತ್ತಿಬರಲು ಹೈಬ್ರಿಡ್ ಎಂದು ಕರೆಯುವ ಬಗೆಯೇ ಹೆಚ್ಚಿನವರಿಗೆ ಸರಿಯಾದುದು. ಇದರ ಚಕ್ರ ದೊಡ್ಡದು, ಟಯರು 32ರಿಂದ 42 ಮಿಲಿಮೀಟರ್ ಅಗಲದ್ದು, ಹ್ಯಾಂಡಲ್ ನೇರವಾಗಿದ್ದು ಬೆನ್ನು ಅತಿಯಾಗಿ ಬಾಗುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟಿನದಾದರೆ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕು ಕಿಲೋ ತೂಗುತ್ತದೆ. ಬೆಂಗಳೂರಿನ ಉಬ್ಬುಗಳನ್ನೂ ಗುಂಡಿಗಳನ್ನೂ ಇದರ ಟಯರು ತಾಳಿಕೊಳ್ಳುತ್ತದೆ. ಇಂತಹ ಸೈಕಲ್ಲಿಗೆ ಶಾಕ್ ಅಬ್ಸಾರ್ಬರ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಇರುವುದನ್ನೇ ಆರಿಸಿ. ಕಡಿಮೆ ಬೆಲೆಯ ಸೈಕಲ್ಲುಗಳ ಶಾಕ್ ಅಬ್ಸಾರ್ಬರ್ ಒಳಗೆ ಬರಿಯ ಸ್ಪ್ರಿಂಗ್ ಇರುತ್ತದೆ. ಅದು ಗುಂಡಿಯ ಏಟನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಏರಿನಲ್ಲಿ ತುಳಿಯುವವರ ಶಕ್ತಿಯನ್ನು ಮೇಲೆ ಕೆಳಗೆ ಕುಣಿದು ನುಂಗಿಹಾಕುತ್ತದೆ, ಜೊತೆಗೆ ಒಂದೆರಡು ಕಿಲೋ ತೂಕವನ್ನೂ ಸೇರಿಸುತ್ತದೆ.

ಗುಡ್ಡಗಾಡಿನ ಕಾಲುದಾರಿ, ಕಲ್ಲು, ಬೇರು, ಮಳೆನೀರು ಕೊರೆದ ಇಳಿಜಾರು ಇವುಗಳಲ್ಲಿ ವಾರ ವಾರವೂ ತುಳಿಯುವವರಿಗೆ ಮೌಂಟನ್ ಬೈಕ್ ಬೇಕೇ ಬೇಕು. ಆದರೆ ಅಲ್ಲಿಗೂ ಅಗ್ಗದ್ದು ಸಲ್ಲದು. ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ಅಗ್ಗದ ಸೈಕಲ್ಲನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಅದರ ಕೀಲುಗಳು ಬೇಗ ಸಡಿಲವಾಗುತ್ತವೆ. ಮುಂದೆ ಮಾತ್ರ ಒಳ್ಳೆಯ ಶಾಕ್ ಅಬ್ಸಾರ್ಬರ್ ಇದ್ದು ಅದನ್ನು ಡಾಂಬರಿನ ಮೇಲೆ ಬಿಗಿಯುವ ಲಾಕ್ ಇರುವುದು, 2.1 ಇಂಚಿಗೆ ಕಡಿಮೆಯಿಲ್ಲದ ಟಯರು, ಚಕ್ರದ ನಡುವಿನ ತಟ್ಟೆಯನ್ನು ಹಿಡಿದು ನಿಲ್ಲಿಸುವ ಡಿಸ್ಕ್ ಬ್ರೇಕ್ ಇವು ಇರಬೇಕು. ಮಲೆನಾಡಿನಲ್ಲಾಗಲಿ, ಬೆಂಗಳೂರಿನ ಅಂಚಿನ ತುರಹಳ್ಳಿಯಲ್ಲಾಗಲಿ ಕಾಡಿನ ದಾರಿಗೆ ಇಳಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ, ಪ್ರವೇಶದ ಸಮಯ ಇವನ್ನು ವಿಚಾರಿಸಿಕೊಳ್ಳಬೇಕು.

ಬಾಗಿದ ಹ್ಯಾಂಡಲಿನ ರೋಡ್ ಬೈಕ್ ವೇಗಕ್ಕೂ ದೂರಕ್ಕೂ ಮಾಡಿದ್ದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಯುವಕ ಯುವತಿಯರು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಓಡಿಸುವುದು ಇದನ್ನೇ. ಕಚೇರಿಗೆ ಹೋಗುವವರು ಇದರಿಂದ ಆರಂಭಿಸುವ ಅಗತ್ಯವಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮ ಹಳೆಯ ಕಪ್ಪು ಸೈಕಲ್ಲನ್ನು ಮರೆಯಬಾರದು. 28 ಇಂಚಿನ ಚಕ್ರದ, ಉದ್ದನೆಯ ಕ್ಯಾರಿಯರಿನ, ಹಾಲು ಹಾಕುವವರೂ ಪತ್ರಿಕೆ ಹಾಕುವವರೂ ದಶಕಗಳ ಕಾಲ ತುಳಿದ ಈ ಉಕ್ಕಿನ ಸೈಕಲ್ ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, ನಿಜ. ಆದರೆ ರಾಯಚೂರಿನಂತಹ ಬಯಲು ಸೀಮೆಯ ಊರಿನಲ್ಲಿ ಮೂರು ನಾಲ್ಕು ಕಿಲೋಮೀಟರ್ ಸರಂಜಾಮಿನೊಡನೆ ಓಡಾಡುವವರಿಗೆ ಇಂದಿಗೂ ಅದು ಉತ್ತಮ ಆಯ್ಕೆ. ಅದರ ಬಿಡಿಭಾಗ ಸಿಗದ ಊರಿಲ್ಲ. ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಮಾತ್ರ ತುಳಿಯುವವರು ಮಡಚುವ ಸೈಕಲ್ ನೋಡಬಹುದು. ಇಂತಹ ಸೈಕಲ್ಲನ್ನು ಕೊನೆಯ ಬೋಗಿಯಲ್ಲಿ ಒಯ್ಯಲು ನಮ್ಮ ಮೆಟ್ರೊ 2022ರಲ್ಲಿ ಅವಕಾಶ ನೀಡಿತು. ತೂಕ ಮತ್ತು ಅಳತೆಗೆ ಮಿತಿಯಿರುವುದರಿಂದ ಕೊಳ್ಳುವ ಮೊದಲೇ ನಿಲ್ದಾಣದಲ್ಲಿ ಕೇಳಿ ತಿಳಿದುಕೊಳ್ಳಿ.

ದೇಹದ ಅಳತೆ

ಅಂಗಡಿಗಳಲ್ಲಿ ಎತ್ತರ ಕೇಳಿ ‘ನಿಮಗೆ ಮೀಡಿಯಂ ಸಾಕು’ ಎಂದುಬಿಡುವುದುಂಟು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದವಾಗಿಯೂ ಇನ್ನೊಬ್ಬರ ಮುಂಡ ಉದ್ದವಾಗಿಯೂ ಇರಬಹುದಾದ್ದರಿಂದ ಕಾಲಿನ ಒಳ ಅಳತೆಯನ್ನು ಮನೆಯಲ್ಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಪಾದಗಳ ನಡುವೆ ಒಂದು ಗೇಣು ಅಂತರ ಬಿಟ್ಟು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಬೆನ್ನುಪಟ್ಟಿ ಮೇಲಕ್ಕೆ ಬರುವಂತೆ ತೊಡೆಗಳ ನಡುವೆ ಇಟ್ಟು, ಸೀಟಿನ ಮೇಲೆ ಕುಳಿತಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಅಳತೆಯನ್ನು ಇನ್ನೊಬ್ಬರು ಟೇಪಿನಲ್ಲಿ ನೋಡಲಿ.

ಈ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ (ಪೆಡಲನ್ನು ಹಿಡಿದಿರುವ ತೋಳು) ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಎತ್ತರ ಸಿಗುತ್ತದೆ. ಒಳ ಅಳತೆ 80 ಸೆಂಟಿಮೀಟರ್ ಇದ್ದರೆ ಸೀಟು ಸುಮಾರು 70.6 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಇದು ಆರಂಭದ ಅಂದಾಜು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು, ಪಾದದ ಮುಂಭಾಗವನ್ನಿಟ್ಟಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ನಮ್ಮಲ್ಲಿ ಬಹುತೇಕರು ಎರಡು ಪಾದವೂ ನೆಲಕ್ಕೆ ಚೆನ್ನಾಗಿ ತಾಗುವಂತೆ ಸೀಟನ್ನು ಕೆಳಗಿಳಿಸಿಕೊಂಡು ತುಳಿಯುತ್ತಾರೆ. ಮಂಡಿನೋವಿಗೆ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಕೆಳಗಿಳಿಯುವುದನ್ನು ರೂಢಿ ಮಾಡಿಕೊಂಡರೆ ಸರಿಯಾದ ಎತ್ತರದ ಸೀಟು ಭಯ ಹುಟ್ಟಿಸುವುದಿಲ್ಲ.

ಚೌಕಟ್ಟಿನ ಮೇಲಿನ ಕೊಳವೆಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ದೇಹಕ್ಕೂ ಕೊಳವೆಗೂ ನಡುವೆ ಎರಡು ಮೂರು ಸೆಂಟಿಮೀಟರ್, ಕಾಡುದಾರಿಯ ಸೈಕಲ್ ಆದರೆ ಐದು ಸೆಂಟಿಮೀಟರಾದರೂ ಅಂತರವಿರಲಿ. ಸೀರೆ ಉಡುವವರಿಗೂ, ಕಾಲೆತ್ತಿ ಹಾಕಲು ಕಷ್ಟಪಡುವ ಹಿರಿಯರಿಗೂ ಕೊಳವೆ ಕೆಳಗಿಳಿದಿರುವ, ಚೈನಿಗೆ ಪೂರ್ತಿ ಕವರ್ ಇರುವ ಸೈಕಲ್ ಅನುಕೂಲ. ಅದನ್ನು ‘ಲೇಡೀಸ್ ಸೈಕಲ್’ ಎಂದು ಕರೆಯುವ ಕಾರಣಕ್ಕೆ ಗಂಡಸರು ದೂರವಿಡಬೇಕಿಲ್ಲ.

ಗೇರು: ಎಣಿಕೆಗಿಂತ ಹಲ್ಲಿನ ಲೆಕ್ಕ

ಇಪ್ಪತ್ತೊಂದು, ಇಪ್ಪತ್ತನಾಲ್ಕು ಎಂಬ ಎಣಿಕೆಗೆ ಮರುಳಾಗಬಾರದು. ಚೈನು ಹಾಯುವ ಹಲ್ಲುಚಕ್ರಗಳಲ್ಲಿ ಮುಂದೆ ಪೆಡಲಿನ ಬಳಿ ಇರುವುದರ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿ, ಟಯರಿನ ಸುತ್ತಳತೆಯಿಂದ ಗುಣಿಸಿದರೆ ಪೆಡಲು ಒಂದು ಸುತ್ತು ಬಂದಾಗ ಸೈಕಲ್ ಎಷ್ಟು ದೂರ ಹೋಗುತ್ತದೆಂಬುದು ತಿಳಿಯುತ್ತದೆ. ಹೈಬ್ರಿಡ್ ಸೈಕಲ್ಲಿನ ಸುತ್ತಳತೆ ಸುಮಾರು 2.2 ಮೀಟರ್. ಮುಂದೆ 48, ಹಿಂದೆ 14 ಹಲ್ಲಿದ್ದರೆ ಒಂದು ಸುತ್ತಿಗೆ ಏಳೂವರೆ ಮೀಟರ್. ಇದು ಸಮತಟ್ಟಾದ ಹೆದ್ದಾರಿಗೆ. ಮುಂದೆ 28, ಹಿಂದೆ 34 ಇದ್ದರೆ 1.8 ಮೀಟರ್, ಇದು ಏರಿಗೆ. ಗೇರಿಲ್ಲದ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲಿದೆ ಎಂದುಕೊಂಡರೆ ಸುಮಾರು ಐದೂವರೆ ಮೀಟರ್. ಬಯಲಿನಲ್ಲಿ ಹಿತ, ಏರಿನಲ್ಲಿ ಇಳಿದು ತಳ್ಳಬೇಕು.

ಮಡಿಕೇರಿ, ಚಿಕ್ಕಮಗಳೂರಿನವರು, 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಹತ್ತುವ ಆಸೆಯಿರುವವರು ತುಳಿಯಲು ಅತಿ ಹಗುರವಾದ ಗೇರಿನಲ್ಲಿ ಹಿಂದಿನ ಹಲ್ಲುಗಳು ಮುಂದಿನವಕ್ಕಿಂತ ಹೆಚ್ಚಿವೆಯೇ ಎಂದು ಎಣಿಸಿ ನೋಡಬೇಕು. ನಿತ್ಯದ ದಾರಿಯಲ್ಲಿ ಕಡಿದಾದ ಏರುಗಳೇ ತುಂಬಿದ್ದರೆ, ವಯಸ್ಸೂ ಆಗಿದ್ದರೆ ಇ-ಸೈಕಲ್ ಬಗ್ಗೆ ಯೋಚಿಸುವುದರಲ್ಲಿ ತಪ್ಪಿಲ್ಲ. 250 ವಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ವಾಹನಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಾಗಿಲ್ಲ.

ಬ್ರೇಕು, ಟಯರು, ಮಳೆಗಾಲ

ಕರಾವಳಿಯಲ್ಲೂ ಮಲೆನಾಡಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಿಮ್ಮು ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ರಿಮ್ಮನ್ನು ಒತ್ತಿ ನಿಲ್ಲಿಸುವ ಬ್ರೇಕಿಗಿಂತ ಡಿಸ್ಕ್ ಬ್ರೇಕ್ ಮೇಲು. ಬಯಲು ಸೀಮೆಯಲ್ಲಿ ಅಲ್ಯೂಮಿನಿಯಂ ರಿಮ್ಮಿಗೆ ಹಾಕಿದ, ರಿಮ್ಮನ್ನು ಒತ್ತುವ ಬಗೆಯದೇ ಆದ ಒಳ್ಳೆಯ ವಿ-ಬ್ರೇಕ್ ಸಾಕು. ಅಗ್ಗದ ಡಿಸ್ಕ್ ಬ್ರೇಕಿಗಿಂತ ಅದು ಚೆನ್ನಾಗಿ ಹಿಡಿಯುತ್ತದೆ, ಬೀದಿಯ ಪಂಕ್ಚರ್ ಅಂಗಡಿಯವರೂ ಅದನ್ನು ಸರಿಮಾಡಬಲ್ಲರು. ಉಪ್ಪುಗಾಳಿಯ ಮಂಗಳೂರು, ಉಡುಪಿ, ಕಾರವಾರದಲ್ಲಿ ಉಕ್ಕಿನ ಚೌಕಟ್ಟಿಗಿಂತ ಅಲ್ಯೂಮಿನಿಯಂ ಒಳ್ಳೆಯದು. ಚೈನಿಗೆ ಮಾತ್ರ ಎಲ್ಲ ಊರಿನಲ್ಲೂ ತುಕ್ಕಿನ ಭಯ ಇದ್ದೇ ಇದೆ. ಮಳೆಯಲ್ಲಿ ತುಳಿದು ಬಂದ ದಿನ ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಬೇಕು.

ಟಯರಿನ ಗಾಳಿ ಎಷ್ಟಿರಬೇಕೆಂಬುದು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೈಬ್ರಿಡ್ ಟಯರಿಗೆ ಸಾಮಾನ್ಯವಾಗಿ 50ರಿಂದ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಕಾಡುದಾರಿಯಲ್ಲಿ ಮೌಂಟನ್ ಬೈಕಿಗೆ 30ರ ಆಸುಪಾಸು. ಟ್ಯೂಬಿನ ವಾಲ್ವ್ ಯಾವ ಬಗೆಯದೆಂದು ನೋಡಿಕೊಳ್ಳಿ: ಕಾರು, ಸ್ಕೂಟರಿನಂತಹ ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಬಹುದು, ತುದಿಯಲ್ಲಿ ಪುಟ್ಟ ತಿರುಪು ಇರುವ ತೆಳ್ಳಗಿನ ವಾಲ್ವ್ ಆದರೆ ಅಡಾಪ್ಟರ್ ಜೇಬಿನಲ್ಲಿರಬೇಕು.

ಈಗಾಗಲೇ 29 ಇಂಚಿನ ಮೌಂಟನ್ ಬೈಕ್ ಕೊಂಡು ಬೇಸರಗೊಂಡವರಿಗೆ ಒಂದು ಒಳ್ಳೆಯ ಸುದ್ದಿಯಿದೆ. 29 ಇಂಚು ಮತ್ತು ಹೈಬ್ರಿಡ್, ರೋಡ್ ಬೈಕುಗಳಲ್ಲಿ ಬಳಸುವ 700ಸಿ ಎರಡೂ 622 ಮಿಲಿಮೀಟರ್ ವ್ಯಾಸದ ಒಂದೇ ಅಳತೆಯ ರಿಮ್ಮುಗಳು. ರಿಮ್ಮಿನ ಅಗಲಕ್ಕೆ ಹೊಂದುವ, ನುಣುಪಾದ ಮೈಯ, ಕಡಿಮೆ ಅಗಲದ ಟಯರನ್ನು ಹಾಕಿಸಿದರೆ ಅದೇ ಸೈಕಲ್ ಡಾಂಬರಿನ ಮೇಲೆ ಗಮನಾರ್ಹವಾಗಿ ಹಗುರವಾಗಿ ಓಡುತ್ತದೆ.

ಹಣದ ಲೆಕ್ಕ

ಗೇರಿರುವ, ನಂಬಬಹುದಾದ ಹೈಬ್ರಿಡ್ ಸೈಕಲ್ಲಿಗೆ ಸುಮಾರು 15ರಿಂದ 30 ಸಾವಿರ ರೂಪಾಯಿ ಬೇಕಾಗುತ್ತದೆ. ಕಾಡುದಾರಿಯ ಸೈಕಲ್ಲಿಗೆ ಅದಕ್ಕಿಂತ ಹೆಚ್ಚು. ಸೈಕಲ್ಲುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ; ಬಿಲ್ಲಿನಲ್ಲಿ ಅದನ್ನು ಗಮನಿಸಿ. ಹೆಲ್ಮೆಟ್, ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ, ಬೆಲ್ಲು, ಗಟ್ಟಿ ಬೀಗ, ಪಂಪು, ಮಡ್‌ಗಾರ್ಡ್ ಇವುಗಳಿಗೆ ಕೆಲವು ಸಾವಿರ ರೂಪಾಯಿಗಳನ್ನು ಮೊದಲೇ ಬದಿಗಿಟ್ಟು, ಉಳಿದುದರಲ್ಲಿ ಸೈಕಲ್ ಹುಡುಕಿ. ಬೆನ್ನಿನ ಚೀಲಕ್ಕಿಂತ ಕ್ಯಾರಿಯರಿಗೆ ಕಟ್ಟುವ ಚೀಲ ಬೆವರನ್ನೂ ಭುಜದ ನೋವನ್ನೂ ತಪ್ಪಿಸುತ್ತದೆ. ಆದ್ದರಿಂದ ಚೌಕಟ್ಟಿನಲ್ಲಿ ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಬಿಗಿಯುವ ತೂತುಗಳಿವೆಯೇ ಎಂದು ನೋಡುವುದನ್ನು ಮರೆಯಬೇಡಿ.

ತುಳಿದು ನೋಡದೆ ಹಣ ಕೊಡಬೇಡಿ

ಸೀಟನ್ನು ನಿಮ್ಮ ಅಳತೆಗೆ ಏರಿಸಿಕೊಂಡು ಕನಿಷ್ಠ ಹತ್ತು ನಿಮಿಷ ತುಳಿಯಿರಿ. ಸಾಧ್ಯವಾದರೆ ಏರೊಂದನ್ನು ಹತ್ತಿ. ಹ್ಯಾಂಡಲಿಗೆ ಕೈ ಚಾಚಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಅಂಗೈ ಮೇಲೆ ಭಾರ ಬೀಳಬಾರದು. ನಿಂತ ಸೈಕಲ್ಲಿನ ಮುಂದಿನ ಬ್ರೇಕನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲಿನ ಬುಡದಲ್ಲಿ ಕಟಕಟ ಎಂದರೆ ಅಲ್ಲಿ ಬಿಗಿ ಸಾಲದು. ಚಕ್ರವನ್ನು ಎತ್ತಿ ತಿರುಗಿಸಿ, ರಿಮ್ಮು ಅತ್ತಿತ್ತ ಓಲಾಡುತ್ತಿದ್ದರೆ ಬೆಂಡ್ ತೆಗೆಸಿಕೊಡಲು ಹೇಳಿ. ಯಾವ ಲಿವರ್ ಯಾವ ಚಕ್ರದ ಬ್ರೇಕನ್ನು ಹಿಡಿಯುತ್ತದೆಂದು ರಸ್ತೆಗಿಳಿಯುವ ಮುನ್ನವೇ ತಿಳಿದಿರಬೇಕು.

ಆನ್‌ಲೈನ್‌ನಲ್ಲಿ ತರಿಸಿದವರು ಜೋಡಣೆಯ ಕೆಲಸವನ್ನು ಬಲ್ಲವರಿಗೇ ಒಪ್ಪಿಸುವುದು ಕ್ಷೇಮ. ಫೋರ್ಕನ್ನು ಹಿಂದುಮುಂದಾಗಿ ಕೂರಿಸಿರುವ ಹೊಸ ಸೈಕಲ್ಲುಗಳು ನಮ್ಮ ಬೀದಿಗಳಲ್ಲಿ ಕಾಣಸಿಗುತ್ತವೆ. ಎಡ ಪೆಡಲಿನ ತಿರುಪು ಉಳಿದವುಗಳಿಗೆ ವಿರುದ್ಧ ದಿಕ್ಕಿನದು. ಇದನ್ನರಿಯದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನೊಳಗಿನ ತಿರುಪಿನ ಗೆರೆಗಳೇ ಹಾಳಾಗುತ್ತವೆ.

ಕೊಂಡ ಮೊದಲ ಒಂದೆರಡು ತಿಂಗಳಲ್ಲಿ ಕೇಬಲ್ಲುಗಳು ಜಗ್ಗುತ್ತವೆ, ಕಡ್ಡಿಗಳು ಸಡಿಲಗೊಳ್ಳುತ್ತವೆ, ಗೇರು ತಾನಾಗಿ ಹಾರತೊಡಗುತ್ತದೆ. ಇದು ದೋಷವಲ್ಲ, ಅಂಗಡಿಯವರು ಕೊಡುವ ಮೊದಲ ಉಚಿತ ಸರ್ವಿಸ್ ಇರುವುದು ಇದಕ್ಕಾಗಿಯೇ, ಅದನ್ನು ತಪ್ಪಿಸಬೇಡಿ. ಸೈಕಲ್ ಮನೆಗೆ ಬಂದ ದಿನವೇ ತಲೆಕೆಳಗಾಗಿ ನಿಲ್ಲಿಸಿ, ಕ್ರ್ಯಾಂಕಿನ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರಿನ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಕಳುವಾದರೆ ಪೊಲೀಸ್ ಠಾಣೆಯಲ್ಲಿ ಸೈಕಲ್ ನಿಮ್ಮದೆಂದು ತೋರಿಸಲು ಇವೆರಡೂ ಬೇಕಾಗುತ್ತವೆ.