ಗುಪ್ತ ಸಭೆಯ ಕಥೆಗೆ ವೋಚರ್ ಕೇಳುವ ಬಗೆ

"ಜಗತ್ತನ್ನು ಆಳುವುದು ಹತ್ತೇ ಕುಟುಂಬಗಳು" ಎಂಬ ಸಂದೇಶ ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗಲೆಲ್ಲ ಯಾರಾದರೊಬ್ಬರು "ಮಾವ, ಇದು ನಿಜವೇ?" ಎಂದು ನನ್ನನ್ನು ಕೇಳುತ್ತಾರೆ. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಶಾಖೆಯ ಲೆಕ್ಕದಲ್ಲಿ ಒಂದೊಂದು ನಮೂದಿಗೂ ವೋಚರ್ ಕೇಳುವಂತೆ ಇಂಥ ಕಥೆಯ ಒಂದೊಂದು ಮಾತಿಗೂ ಆಧಾರ ಕೇಳಬೇಕು ಎನ್ನುವುದೇ ನನ್ನ ಉತ್ತರ.

ಮೊದಲು ಸಂದೇಶವನ್ನು ಒಡೆದು ಬೇರೆ ಬೇರೆ ಸಾಲುಗಳಲ್ಲಿ ಬರೆದುಕೊಳ್ಳಿ. ಬಹಳ ಓಡಾಡುವ ಒಂದು ಕಥೆಯಲ್ಲಿ ಮೂರು ಮಾತುಗಳಿವೆ: 1910ರಲ್ಲಿ ಬ್ಯಾಂಕರುಗಳು ದ್ವೀಪವೊಂದರಲ್ಲಿ ಗುಟ್ಟಾಗಿ ಸೇರಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕಟ್ಟಿದರು, ಅದು ಇಂದಿಗೂ ಅವರ ಸ್ವಂತ ಆಸ್ತಿ, ವಿರೋಧಿಸಿದ ಶ್ರೀಮಂತರನ್ನು ಟೈಟಾನಿಕ್ ಹಡಗಿನಲ್ಲಿ ಮುಳುಗಿಸಿದರು. ಒಟ್ಟಿಗೆ ಓದಿದರೆ ಮೊದಲನೆಯ ಮಾತಿನ ಸತ್ಯ ಮೂರನೆಯದಕ್ಕೂ ಅಂಟಿಕೊಳ್ಳುತ್ತದೆ. ಬೇರೆ ಮಾಡಿದರೆ ಮೂರೂ ತಮ್ಮ ತಮ್ಮ ಕಾಲ ಮೇಲೆ ನಿಲ್ಲಬೇಕಾಗುತ್ತದೆ.

ಗುಪ್ತ ಸಭೆ ನಡೆದದ್ದು ನಿಜ. 1907ರ ಅಕ್ಟೋಬರ್‌ನಲ್ಲಿ ನಿಕ್ಕರ್‌ಬಾಕರ್ ಟ್ರಸ್ಟ್ ಎಂಬ ಹಣಕಾಸು ಸಂಸ್ಥೆ ಬಾಗಿಲು ಮುಚ್ಚಿ ನ್ಯೂಯಾರ್ಕಿನ ಹಣದ ಪೇಟೆ ಕುಸಿದಾಗ ಅದನ್ನು ತಡೆದು ನಿಲ್ಲಿಸಲು ಜೆ. ಪಿ. ಮಾರ್ಗನ್ ಎಂಬ ಖಾಸಗಿ ಬ್ಯಾಂಕರೇ ಮುಂದಾಗಬೇಕಾಯಿತು. ಇಂಥ ಕುಸಿತ ಮರುಕಳಿಸದಂತೆ ಹೊಸ ವ್ಯವಸ್ಥೆಯ ಕರಡು ಬರೆಯಲೆಂದು 1910ರ ನವೆಂಬರ್‌ನಲ್ಲಿ ಸೆನೆಟರ್ ನೆಲ್ಸನ್ ಆಲ್ಡ್ರಿಚ್ ತಮ್ಮ ಜೊತೆ ಖಜಾನೆ ಇಲಾಖೆಯ ಪಿಯಾಟ್ ಆಂಡ್ರ್ಯೂ, ನ್ಯಾಷನಲ್ ಸಿಟಿ ಬ್ಯಾಂಕಿನ ಫ್ರಾಂಕ್ ವಾಂಡರ್‌ಲಿಪ್, ಮಾರ್ಗನ್ ಸಂಸ್ಥೆಯ ಹೆನ್ರಿ ಡೇವಿಸನ್, ಕೂನ್ ಲೋಬ್ ಸಂಸ್ಥೆಯ ಪಾಲ್ ವಾರ್‌ಬರ್ಗ್ ಅವರನ್ನು ಖಾಸಗಿ ರೈಲುಬೋಗಿಯಲ್ಲಿ ಜಾರ್ಜಿಯಾದ ಜೆಕಿಲ್ ದ್ವೀಪಕ್ಕೆ ಕರೆದೊಯ್ದರು. ಬಾತುಕೋಳಿ ಬೇಟೆ ಎಂಬುದು ನೆಪ. ಕೆಲಸದವರಿಗೆ ಗುರುತು ಸಿಗದಂತೆ ಮನೆತನದ ಹೆಸರು ಎತ್ತದೆ ಮಾತಾಡಿಕೊಂಡರು. ಇದನ್ನು 1935ರಲ್ಲಿ ವಾಂಡರ್‌ಲಿಪ್ ಅವರೇ ಬರೆದು ಒಪ್ಪಿಕೊಂಡಿದ್ದಾರೆ. ಆದ್ದರಿಂದ ಇಡೀ ಕಥೆಯೇ ಬುರುಡೆ ಎಂದು ನಕ್ಕು ತಳ್ಳಿಹಾಕುವವರ ಮೇಲೂ ನನಗೆ ಸಿಟ್ಟಿದೆ. ಒಂದು ದೇಶದ ಹಣದ ವ್ಯವಸ್ಥೆಯ ಕರಡನ್ನು ಅದರಿಂದ ಲಾಭ ಪಡೆಯುವವರೇ ಜನರಿಂದ ಮುಚ್ಚಿಟ್ಟು ಬರೆದದ್ದು ಸಣ್ಣ ಸಂಗತಿಯಲ್ಲ.

ಆಮೇಲೆ ಆ ಕರಡಿನ ಗತಿ ಏನಾಯಿತು ಎಂದು ನೋಡಿ. ಕಥೆ ಹೇಳುವವರು ಸಾಮಾನ್ಯವಾಗಿ ನಿಲ್ಲಿಸಿಬಿಡುವುದು ಇಲ್ಲಿಯೇ. ಆಲ್ಡ್ರಿಚ್ ಯೋಜನೆ ಎಂದು ಹೆಸರಾದ ಆ ಕರಡಿನಲ್ಲಿ ಹಿಡಿತ ಹೆಚ್ಚಾಗಿ ಬ್ಯಾಂಕರುಗಳದಾಗಿತ್ತು; ಅದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಬಿದ್ದುಹೋಯಿತು. 1912ರ ಚುನಾವಣೆಯಲ್ಲಿ ಡೆಮಾಕ್ರಟರು ಗೆದ್ದರು, ಬ್ಯಾಂಕರುಗಳ ಹಿಡಿತವನ್ನು ತನಿಖೆ ಮಾಡುತ್ತಿದ್ದ ಕಾಂಗ್ರೆಸ್ಸಿನ ಪೂಜೋ ಸಮಿತಿ ಮಾರ್ಗನ್ ಅವರನ್ನೇ ಸಾಕ್ಷಿಯಾಗಿ ಕೂರಿಸಿ ಪ್ರಶ್ನಿಸಿತು. 1913ರ ಡಿಸೆಂಬರ್ 23ರಂದು ಅಧ್ಯಕ್ಷ ವಿಲ್ಸನ್ ಸಹಿ ಹಾಕಿದ ಫೆಡರಲ್ ರಿಸರ್ವ್ ಕಾಯ್ದೆಯಲ್ಲಿ ಜೆಕಿಲ್ ಸಭೆಯ ತಾಂತ್ರಿಕ ಅಂಶಗಳು ಬಹಳಷ್ಟು ಉಳಿದವು, ವಾರ್‌ಬರ್ಗ್ ಮೊದಲ ಮಂಡಳಿಯ ಸದಸ್ಯರೂ ಆದರು. ಆದರೆ ಮೇಲಿನ ಮಂಡಳಿ ಸರ್ಕಾರದ್ದಾಯಿತು. ಇಂದು ಅದರ ಏಳು ಸದಸ್ಯರನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆಯೊಂದಿಗೆ ನೇಮಿಸುತ್ತಾರೆ. ಹನ್ನೆರಡು ಪ್ರಾದೇಶಿಕ ಬ್ಯಾಂಕುಗಳ ಷೇರು ಸದಸ್ಯ ಬ್ಯಾಂಕುಗಳ ಬಳಿ ಇದೆ, ಆದರೆ ಅದನ್ನು ಮಾರುವಂತಿಲ್ಲ, ಲಾಭಾಂಶಕ್ಕೆ ಕಾನೂನಿನ ಮಿತಿಯಿದೆ. ಹಾಗೆಂದು ಬ್ಯಾಂಕುಗಳ ಕೈ ಅಲ್ಲಿಲ್ಲವೆಂದಲ್ಲ: ಪ್ರತಿ ಪ್ರಾದೇಶಿಕ ಬ್ಯಾಂಕಿನ ಒಂಬತ್ತು ನಿರ್ದೇಶಕರಲ್ಲಿ ಆರು ಮಂದಿಯನ್ನು ಚುನಾಯಿಸುವುದು ಅವೇ. ಪ್ರಭಾವ ಬೇರೆ, ಒಡೆತನ ಬೇರೆ. ಎರಡನೆಯ ಮಾತಿನ ಮುಂದೆ ಇಷ್ಟನ್ನು ಬರೆದುಕೊಳ್ಳಿ.

ಮೂರನೆಯದಕ್ಕೆ ತಾರೀಖು ಸಾಕು. ಟೈಟಾನಿಕ್ ಮುಳುಗಿದ್ದು 1912ರ ಏಪ್ರಿಲ್‌ನಲ್ಲಿ. ಕೊನೆಗೆ ಕಾಯ್ದೆಯಾದ ಮಸೂದೆಯನ್ನು ಆಗಿನ್ನೂ ಯಾರೂ ಬರೆದಿರಲಿಲ್ಲ.

ತಾರೀಖು ಕೈಕೊಟ್ಟರೆ ಕಥೆಯ ಅತ್ಯಂತ ಹಳೆಯ ಬರಹವನ್ನು ಹುಡುಕಿ. ನೆಪೋಲಿಯನ್ ಸೋತ 1815ರ ವಾಟರ್ಲೂ ಕದನವನ್ನು ಲಂಡನ್ನಿನ ಯಹೂದಿ ಬ್ಯಾಂಕರ್ ನಾಥನ್ ರಾತ್‌ಶೀಲ್ಡ್ ಕಣ್ಣಾರೆ ಕಂಡು, ಸುದ್ದಿ ಬೇರೆಯವರಿಗೆ ತಲುಪುವ ಮೊದಲೇ ಕಡಲು ದಾಟಿ ಬಂದು ಲಂಡನ್ ಷೇರುಪೇಟೆಯನ್ನು ದೋಚಿದನೆಂಬ ಕಥೆಯನ್ನು ಹರಡಿದ್ದು 1846ರ ಒಂದು ಫ್ರೆಂಚ್ ಕರಪತ್ರ. ಬರೆದವನು ಇಟ್ಟುಕೊಂಡ ಹೆಸರು "ಸೈತಾನ". ನಾಥನ್ ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು. ಕದನದ ದಿನ ಅವನಿದ್ದದ್ದು ಲಂಡನ್ನಿನಲ್ಲಿ. ಹಣದ ವಿಷಯದಿಂದ ಆರಂಭವಾಗಿ ಒಂದು ಇಡೀ ಜನಾಂಗದ ಹೆಸರಿನಲ್ಲಿ ಮುಗಿಯುವ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಯಹೂದಿಗಳ ಮೇಲಿನ ಇಂಥ ಕಟ್ಟುಕಥೆಗಳನ್ನು ನಾಜಿಗಳು ಹೇಗೆ ಬಳಸಿಕೊಂಡರೆಂದು ನಮಗೆ ಗೊತ್ತಿದೆ.

ನಿಜವಾದ ಸಂಚು ಹೇಗಿರುತ್ತದೆಂದು ತಿಳಿಯಲು, ದೊಡ್ಡ ಬ್ಯಾಂಕುಗಳು ಸಲ್ಲಿಸಿದ ಅಂದಾಜಿನ ಮೇಲೆ ಲಂಡನ್ನಿನಲ್ಲಿ ನಿಗದಿಯಾಗುತ್ತಿದ್ದ ಲೈಬಾರ್ ಬಡ್ಡಿದರದ ಪ್ರಕರಣವನ್ನು ಓದಿ. ಜಗತ್ತಿನಾದ್ಯಂತ ಸಾಲಗಳ ಬಡ್ಡಿಗೆ ಆಧಾರವಾಗಿದ್ದ ಆ ದರವನ್ನು ತಮ್ಮ ವಹಿವಾಟಿಗೆ ಅನುಕೂಲವಾಗುವಂತೆ ತಿದ್ದಿಕೊಡಿ ಎಂದು ಬ್ಯಾಂಕುಗಳ ವ್ಯಾಪಾರಿಗಳು ದರ ಸಲ್ಲಿಸುವ ಸಹೋದ್ಯೋಗಿಗಳನ್ನು ಕೇಳಿಕೊಂಡ ಸಂದೇಶಗಳು ತನಿಖೆಯಲ್ಲಿ ಸಿಕ್ಕವು. 2012ರ ಜೂನ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿಗೆ ಬಿದ್ದ ದಂಡ ಸುಮಾರು 29 ಕೋಟಿ ಪೌಂಡ್. ಯಾರು, ಯಾವಾಗ, ಯಾರಿಗೆ, ಯಾವ ಲಾಭಕ್ಕೆ ಎಂಬುದೆಲ್ಲ ಅಲ್ಲಿ ಕಾಗದದ ಮೇಲಿದೆ.

ನಮ್ಮಲ್ಲಿಯೂ ಅಂಥ ಕಾಗದವಿದೆ. ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಯಾವ ಕಂಪನಿ ಎಷ್ಟು ಕೊಟ್ಟಿತು, ಯಾವ ಪಕ್ಷ ಎಷ್ಟು ನಗದು ಮಾಡಿಕೊಂಡಿತು ಎಂಬ ಪಟ್ಟಿಗಳು ಮರುತಿಂಗಳು ಚುನಾವಣಾ ಆಯೋಗದ ಜಾಲತಾಣಕ್ಕೆ ಬಂದವು. ಬಾಂಡಿನ ಸಂಖ್ಯೆ ಹಿಡಿದು ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ಹೊಂದಿಸಿ. ಆಮೇಲೆ ದೇಣಿಗೆಯ ತಾರೀಖಿನ ಪಕ್ಕದಲ್ಲಿ ಆ ಕಂಪನಿಗೆ ಸಿಕ್ಕ ಗುತ್ತಿಗೆಯ ತಾರೀಖು, ಬಿದ್ದ ದಾಳಿಯ ತಾರೀಖು ಬರೆಯಿರಿ. ತಾರೀಖುಗಳು ಹತ್ತಿರ ಬಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಆದರೆ ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂದು ಅಲ್ಲಿಂದ ಸ್ಪಷ್ಟವಾಗುತ್ತದೆ.