ಮೈನಸ್ ಐದು ವೋಲ್ಟ್ ಎಲ್ಲಿ ಹೋಯ್ತು?

ನಾನು ಬಳ್ಳಾರಿಯಲ್ಲಿ ಟಿವಿ, ಯುಪಿಎಸ್ ರಿಪೇರಿ ಮಾಡುವವನು. ಅಂಗಡಿ ಕೌಲ್ ಬಜಾರಿನ ಒಂದು ಓಣಿಯಲ್ಲಿದೆ. ಹೋದ ಬೇಸಿಗೆಯಲ್ಲಿ ಹೊಸಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಹಳೇ ಟವೆಲ್‌ನಲ್ಲಿ ಏನೋ ಸುತ್ತಿಕೊಂಡು ಬಂದರು. ಬಿಚ್ಚಿ ನೋಡಿದರೆ ಝಡ್‌ಎಕ್ಸ್ ಸ್ಪೆಕ್ಟ್ರಮ್! 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ, ರಬ್ಬರ್ ಕೀಲಿಗಳ ಪುಟ್ಟ ಕಂಪ್ಯೂಟರ್. 48 ಕೆಬಿ ಮೆಮೊರಿ.

"ನಮ್ಮ ಭಾವ ಲಂಡನ್ನಿಂದ ತಂದಿದ್ದು. ಟಿವಿಗೆ ಹಚ್ಚಿದ್ರ ಬರೇ ಪಟ್ಟಿ ಬರ್ತಾವ್ರಿ. ಆದ್ರ ಮಾಡ್ರಿ, ಇಲ್ಲಾಂದ್ರ ಹಂಗೇ ವಾಪಸ್ ಕೊಡ್ರಿ. ಗುಜರಿಗೆ ಮಾತ್ರ ಹಾಕಬ್ಯಾಡ್ರಿ" ಅಂದರು.

ಅಂಗಡಿಯಲ್ಲಿ ಒಂದು ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಇಟ್ಟಿದ್ದೇನೆ. ಯುಎಚ್‌ಎಫ್ 36ನೇ ಚಾನೆಲ್‌ಗೆ ಟ್ಯೂನ್ ಮಾಡಿ ನೋಡಿದೆ. ಮೇಷ್ಟ್ರು ಹೇಳಿದ್ದು ನಿಜ. ಸರಿ ಇದ್ದರೆ ಪರದೆ ಒಮ್ಮೆ ಕಪ್ಪಾಗಿ, ಆಮೇಲೆ ಬಿಳಿಯಾಗಿ, ಕೆಳಗೆ ಕಂಪನಿಯ ಹೆಸರು ಬರಬೇಕು. ಇಲ್ಲಿ ಉದ್ದುದ್ದ ಪಟ್ಟಿಗಳು, ಅಷ್ಟೇ. ಮುಚ್ಚಳ ತೆಗೆದು ಚಿಪ್‌ಗಳ ಮೇಲೆ ಬೆರಳಿಟ್ಟೆ. ಮೆಮೊರಿ ಸಾಲಿನಲ್ಲಿ ಎರಡು ಚಿಪ್ ಕಾದ ಹಂಚಿನಂತೆ ಸುಡುತ್ತಿದ್ದವು. ಕಾಯಿಲೆ ಸಿಕ್ಕಿತು ಅಂದುಕೊಂಡೆ.

ನಾನು ಎಡವಿದ್ದು ಅಲ್ಲೇ.

ಈ ಬೋರ್ಡಿನಲ್ಲಿ ಎರಡು ತರಹದ ಮೆಮೊರಿ ಇದೆ. ಕೆಳಗಿನ 16 ಕೆಬಿಗೆ 4116 ನಂಬರಿನ ಎಂಟು ಚಿಪ್. ಪರದೆಯ ಚಿತ್ರ ಇರೋದೂ ಅದರಲ್ಲೇ. ಹಾಗಾಗಿ ಅದು ಕೆಟ್ಟರೆ ಕಣ್ಣಿಗೇ ಕಾಣುತ್ತೆ. ಮೇಲಿನ 32 ಕೆಬಿಗೆ ಬೇರೆ ಎಂಟು ಚಿಪ್. ಅವು ತಮಾಷೆಯವು. 64 ಕಿಲೋಬಿಟ್ ಚಿಪ್‌ನಲ್ಲಿ ಅರ್ಧ ಕೆಟ್ಟಿದ್ದರೆ ಎಸೆಯದೆ, ಒಳ್ಳೆಯ ಅರ್ಧವನ್ನಷ್ಟೇ ಬಳಸಿ ಅಗ್ಗಕ್ಕೆ ಕೊಟ್ಟದ್ದು. ಯಾವ ಅರ್ಧ ಅಂತ ಬೋರ್ಡಿನ ಮೇಲೆ ಒಂದು ತಂತಿಯ ಲಿಂಕ್ ಹೇಳುತ್ತೆ. ನಮ್ಮೂರಲ್ಲಿ ಹೊಲಿಗೆ ತಪ್ಪಿದ ಜೀನ್ಸನ್ನು ಸೆಕೆಂಡ್ಸ್ ಅಂತ ಮಾರಲ್ವಾ, ಹಾಗೆ.

ಬಿಸಿಯಾಗಿದ್ದ ಎರಡನ್ನೂ ತೆಗೆದೆ. ಹಳೇ ಬೋರ್ಡಿನಲ್ಲಿ ಚಿಪ್ ಪೂರ್ತಿ ಉಳಿಸಿ ತೆಗೆಯಲು ಹೋದರೆ ತಾಮ್ರದ ಟ್ರ್ಯಾಕ್ ಎದ್ದು ಬರುತ್ತೆ. ಹೇಗಿದ್ದರೂ ಹೋದ ಚಿಪ್ ಅದು. ಕಾಲುಗಳನ್ನು ಬುಡದಲ್ಲೇ ಕತ್ತರಿಸಿ, ಒಂದೊಂದೇ ಕಾಲನ್ನು ಕಾಯಿಸಿ ಚಿಮಟದಲ್ಲಿ ಎಳೆದೆ. ರಂಧ್ರ ಚೊಕ್ಕ ಮಾಡಿ 16 ಕಾಲಿನ ಸಾಕೆಟ್ ಬೆಸೆದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ನಾಲ್ಕು 4116 ತರಿಸಿದ್ದೆ. ಎರಡು ಹಾಕಿ ಸ್ವಿಚ್ ಒತ್ತಿದೆ. ಮತ್ತೆ ಪಟ್ಟಿ. ಒಂದು ನಿಮಿಷಕ್ಕೆ ಹೊಸ ಚಿಪ್ ಒಂದು ಬೆರಳು ಸುಟ್ಟಿತು.

ಆಗ ಮೀಟರ್ ಕೈಗೆ ಬಂತು. ಮೊದಲೇ ಬರಬೇಕಿತ್ತು.

4116ಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು. 1ನೇ ಕಾಲಿಗೆ ಮೈನಸ್ 5, 8ನೇ ಕಾಲಿಗೆ 12, 9ನೇ ಕಾಲಿಗೆ 5. ಗ್ರೌಂಡ್ 16ನೇ ಕಾಲು. ಈಗಿನ ಚಿಪ್ ನೋಡಿ ಅಭ್ಯಾಸವಾದವರಿಗೆ ಇದು ತಲೆಕೆಳಗು ಅನಿಸುತ್ತೆ. ಮೂರರಲ್ಲಿ ಮೈನಸ್ 5 ತುಂಬಾ ಮುಖ್ಯ. ಅದು ಎಲ್ಲಕ್ಕಿಂತ ಮೊದಲು ಬರಬೇಕು, ಕೊನೆಗೆ ಹೋಗಬೇಕು. ಅದಿಲ್ಲದೆ 12 ಬಂದರೆ ಚಿಪ್ ಒಳಗೆ ಬೇಡದ ಕರೆಂಟ್ ಹರಿದು, ಕಾದು ಸಾಯುತ್ತೆ. ಅಳೆದರೆ 12 ಇತ್ತು. 5 ಇತ್ತು. ಮೈನಸ್ 5ರ ಜಾಗದಲ್ಲಿ ಸೊನ್ನೆ.

ಹೊರಗಿನಿಂದ ಬರೋದು 9 ವೋಲ್ಟ್ ಒಂದೇ. 7805 ಅನ್ನೋ ರೆಗ್ಯುಲೇಟರ್ ಅದನ್ನು 5ಕ್ಕೆ ಇಳಿಸುತ್ತೆ. ಉಳಿದ ಎರಡನ್ನು ಎರಡು ಟ್ರಾನ್ಸಿಸ್ಟರ್, ಒಂದು ಕಾಯಿಲ್ ಸೇರಿ ಹುಟ್ಟಿಸುತ್ತವೆ. ಈ ಮಷಿನ್‌ಗಳಲ್ಲಿ ಝಡ್‌ಟಿಎಕ್ಸ್ 650 ಟ್ರಾನ್ಸಿಸ್ಟರ್ ಹೋಗೋದು ಮಾಮೂಲು. ಆದರೆ 12 ಬರುತ್ತಿದೆ ಅಂದ ಮೇಲೆ ಅದು ಸರಿ ಇದೆ. ಹಾಗಾದರೆ ತೊಂದರೆ ಮೈನಸ್ ಕಡೆ ಹೋಗುವ ದಾರಿಯಲ್ಲೇ ಇರಬೇಕು. ಭೂತಗನ್ನಡಿ ಹಿಡಿದು ನೋಡಿದೆ. ಡಯೋಡಿನ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ. ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿಟ್ಟಿದೆ! ಒಂದು ಹನಿ ಬೆಸುಗೆ, ಮೈನಸ್ 5 ವಾಪಸ್.

ಆ ಉಂಗುರ ಮುಚ್ಚಲು ಒಂದು ಪೈಸೆ ಖರ್ಚಿಲ್ಲ. ನನ್ನ ಅವಸರಕ್ಕೆ ಮಾತ್ರ ಒಂದು ಹೊಸ ಚಿಪ್ ಬಲಿ. ಮೈನಸ್ ಇಲ್ಲದೆ ಅಷ್ಟು ಹೊತ್ತು ಓಡಿಸಿದ್ದಕ್ಕೆ ಬೋರ್ಡಿನಲ್ಲಿದ್ದ ಹಳೇ ಚಿಪ್ ಇನ್ನೊಂದೂ ಹೋಗಿರಬೇಕು. ಮೂರನೇ ಹೊಸ ಚಿಪ್ ಹಾಕಿದರೂ ಪರದೆಯಲ್ಲಿ ಒಂದೇ ಸಮ ಸಣ್ಣ ಗೆರೆಗಳು ನಿಂತವು. ಅದನ್ನು ಹಿಡಿದದ್ದು ಹಳೇ ಉಪಾಯದಿಂದ. ಒಂದು ಒಳ್ಳೆಯ ಚಿಪ್ಪನ್ನು ಬೋರ್ಡಿನ ಚಿಪ್‌ಗಳ ಬೆನ್ನ ಮೇಲೆ ಒಂದೊಂದಾಗಿ ಕೂರಿಸಿ ನೋಡೋದು. ಕೂಸುಮರಿ ಹೊತ್ತ ಹಾಗೆ. ಪ್ರತಿ ಸಲ ಪವರ್ ಆಫ್ ಮಾಡಿಯೇ ಕೂರಿಸಬೇಕು. ಕೆಳಗಿನ ಚಿಪ್ ಒಳಗೇ ಶಾರ್ಟ್ ಆಗಿದ್ದರೆ ಈ ಉಪಾಯ ನಡೆಯಲ್ಲ. ನನಗೆ ನಡೆಯಿತು.

ನಾಲ್ಕನೇ ಹೊಸ ಚಿಪ್ ಹಾಕಿದರೆ ಅದು ಹುಟ್ಟಾ ಸತ್ತದ್ದು. ಹಳೇ ಚಿಪ್ಪಿನ ಮೈ ತಿಕ್ಕಿ ಹೊಸ ನಂಬರ್ ಬರೆದು ಮಾರೋದು ಈಗ ಜಾಸ್ತಿ. ಡಬ್ಬಿಯಲ್ಲಿ ಒಂದು 4164, ಅಂದರೆ 64 ಕಿಲೋಬಿಟ್ ಮೆಮೊರಿ ಚಿಪ್, ಇತ್ತು. ಅದಕ್ಕೆ ಬರೀ 5 ವೋಲ್ಟ್ ಸಾಕು. 1 ಮತ್ತು 8ನೇ ಕಾಲನ್ನು ಸಾಕೆಟ್ಟಿಗೆ ತಾಗದ ಹಾಗೆ ಮೇಲಕ್ಕೆ ಮಡಚಿ, 8ರಿಂದ 9ಕ್ಕೆ ಸಣ್ಣ ತಂತಿ ಹಾಕಿದೆ. ನೋಡಲು ಚಂದ ಇಲ್ಲ, ಕೆಲಸ ಮಾಡುತ್ತೆ. ಪರದೆ ಬೆಳ್ಳಗಾಯಿತು. ಮೆಮೊರಿಯ ಕೊನೆಯ ವಿಳಾಸ ಯಾವುದು ಅಂತ ಕೇಳಲು ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಹೊಡೆದೆ. 65535 ಬಂತು. 48 ಕೆಬಿ ಪೂರ್ತಿ ಇದೆ. ಮೇಲಿನ ಮೆಮೊರಿ ಸತ್ತಿದ್ದರೆ 32767 ಬರುತ್ತಿತ್ತು.

7805 ಬಗ್ಗೆಯೂ ಒಂದು ಮಾತು. ಅಳೆದಾಗ ಮಷಿನ್ 0.7 ಆಂಪ್ ಎಳೆಯುತ್ತಿತ್ತು. 9ರಿಂದ 5ಕ್ಕೆ ಇಳಿಸುವಾಗ 2.8 ವಾಟ್ ಸುಮ್ನೆ ಶಾಖವಾಗಿ ಹೋಗುತ್ತೆ. ಬಳ್ಳಾರಿ ಬಿಸಿಲಿಗೆ ಅದೂ ಸೇರಿದರೆ ಪೆಟ್ಟಿಗೆಯೊಳಗೆ ಒಲೆ. ತೆಗೆದು, ಅಷ್ಟು ಕಾಯದ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿದೆ. ಹಳೆಯದನ್ನು ಕವರಿನಲ್ಲಿ ಹಾಕಿ ಮೇಷ್ಟ್ರಿಗೇ ಕೊಟ್ಟೆ. ಒಣಗಿದ ಕೆಪಾಸಿಟರ್‌ಗಳನ್ನೂ ಬದಲಿಸಿದೆ.

ಎಲ್ಲ ಮಷಿನ್ ಇಷ್ಟು ಸೌಮ್ಯ ಅಲ್ಲ. 1984ರಲ್ಲಿ ಶುರುವಾದ, ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಅನ್ನೋ ಕಂಪ್ಯೂಟರ್ ಕೊಟ್ಟಿದ್ದರು. ಅಂಥದ್ದೊಂದು ನನ್ನ ಬಳಿ ಬಂದಿತ್ತು. ಸರಿಯಾಗೇ ಶುರುವಾಯಿತು. ಇಪ್ಪತ್ತು ನಿಮಿಷಕ್ಕೆ ಪಟ್ ಅಂತ ಶಬ್ದ, ಅಂಗಡಿ ತುಂಬ ನಾರುವ ಹೊಗೆ. ಪಕ್ಕದ ಚಹಾ ಅಂಗಡಿಯ ಹುಡುಗ ಬಕೆಟ್ ನೀರು ಹಿಡಿದು ಓಡಿ ಬಂದ. ಪುಣ್ಯ, ಎರಚಲಿಲ್ಲ. ಅದರ ಪವರ್ ಸಪ್ಲೈಯಲ್ಲಿ ಮೇನ್ಸ್ ಲೈನಿಗೆ ಹಾಕಿದ ಪೇಪರ್ ಕೆಪಾಸಿಟರ್ ವಯಸ್ಸಾಗಿ ಮೈ ಬಿರಿದು, ತೇವ ಎಳೆದುಕೊಂಡು ಒಡೆದಿತ್ತು. ಅಂಥದ್ದು ಕಂಡರೆ ಈಗ ಸ್ವಿಚ್ ಹಾಕುವ ಮೊದಲೇ ಬದಲಿಸುತ್ತೇನೆ. 0.1 ಮತ್ತು 0.01 ಮೈಕ್ರೊಫ್ಯಾರಡ್, ಮೇನ್ಸ್ ಲೈನಿಗೆಂದೇ ಮಾಡಿದ ಎಕ್ಸ್2 ದರ್ಜೆಯವೇ ಆಗಬೇಕು. ಆ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 320 ವೋಲ್ಟ್‌ವರೆಗೂ ಇರುತ್ತೆ. ಪ್ಲಗ್ ಕಿತ್ತ ಮೇಲೂ ರೆಸಿಸ್ಟರ್ ಹಿಡಿದು ಇಳಿಸದೆ ಕೈ ಹಾಕಬಾರದು.

ಮೇಷ್ಟ್ರು ವಾರ ಬಿಟ್ಟು ಬಂದರು. ಅಡಾಪ್ಟರ್ ಕೊಡುವಾಗ ಅದರ ತಂತಿಗೆ ಕೆಂಪು ಟೇಪ್ ಸುತ್ತಿದ್ದೆ. ಸ್ಪೆಕ್ಟ್ರಮ್ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿರುವ ವೈಫೈ ಅಡಾಪ್ಟರ್‌ಗಳು ಇದಕ್ಕೆ ಉಲ್ಟಾ.

"ಮೊಮ್ಮಗ ಬೇರೇದು ಚುಚ್ಚದ ಹಂಗ ನೋಡ್ಕೊಳ್ರಿ ಸಾರ್" ಅಂದೆ.

"ಎಷ್ಟಾತ್ರಿ?"

ಬಿಲ್ಲಿನಲ್ಲಿ ನಾಲ್ಕು ಚಿಪ್ ಬರೆದಿದ್ದೆ. ಒಂದನ್ನು ಹೊಡೆದು ಮೂರು ಮಾಡಿದೆ.